ಕಂಪಲಾಪುರದ ತೊಟ್ಟಿಗೆ ಹಾಸಿದ ಶೀಟು

…ಅದನ್ನೇ ಕಣಣ್ಣಾ ನಾನೂ ಆವಾಗಿಂದ ಬಡ್ಕತಾ ಇರೋದು. ತೊಟ್ಟಿ ಈಗ ಸೋರ್ತಾ ಅದಾ? ಇಲ್ಲ ತಾನೆ? ಗೋಡೆ ಹೊರಗಡೆ ಕೈ ಇಟ್ನೋಡು, ನಮ್ಮ ಲೆಕ್ಕದ ಮೇಷ್ಟ್ರ ಬೋಳುತಲೆ ಇದ್ದಂಗೆ ಒಣಗ್ಯದೆ. ಸೋರೋದ್ನ ನಿಲ್ಸು ಅಂತ ಕಳಿಸ್ದೆ, ನಿಲ್ಸಿದೀನಿ. ಆಮ್ಯಾಲೆ ಮೀನು ಸತ್ರೆ ನಾನೇನ್ಮಾಡ್ಲಿ? ನಿನ್ನ ತಮ್ಮ ಸಿದ್ದರಾಜು ನೀರು ನಿಲ್ಲುಸ್ತಾನೆ, ಯಮನ್ನ ನಿಲ್ಲುಸ್ತಾನಾ?

ನಗಲ್ವಾ? ಬುಡು. ಹುಣಸೂರಲ್ಲಿ ‘ಕಾಂತರಾಜು ಅಕ್ವೇರಿಯಂ’ ಅಂತ ಬೋರ್ಡ್ ಏರ್ಸಿದ ದಿನದಿಂದ ನೀನೂ ಗಾಜೊಳಗಿನ ಮೀನೇ ಆಗ್ಬುಟ್ಟೆ. ಬಾಯಿ ಆಡ್ತದೆ, ಮಾತು ಬರಲ್ಲ.

ಆ ಪುಟ್ಟತಾಯಮ್ಮ ನೋಡು, ಬೆಳಗ್ಗೆಯಿಂದ ನಮ್ಮ ವಂಶಾನೆಲ್ಲಾ ಜಾಲಾಡ್ಬುಟ್ರು. ಬಣ್ಣದ ಮೀನು ಮರಿ ಮಾಡ್ಸಿ ಮಾರೇ ಮೊಮ್ಮಗಳನ್ನ ಓದಿಸ್ತಾ ಇದ್ರಂತೆ, ಈ ತೊಟ್ಟಿ ಬಿಟ್ರೆ ಅವ್ರಿಗೆ ಬೇರೆ ದಾರಿ ಇಲ್ವಂತೆ. ನಾನೂ ಬುಡ್ಲಿಲ್ಲ. ಪಾತ್ರೆ ತೊಳೆದ ಸೋಪಿನ ನೀರು ಚೆಲ್ಲಿರ್ತೀರಿ ಅಂದೆ. ಪಕ್ಕದ ಹೊಲದೋರು ಔಷಧಿ ಹೊಡೆದಿರ್ತಾರೆ ಅಂದೆ. ಮೀನಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ನೀರಿಗೇ ಹಾಕುದ್ರಾ ಅಂತಾನೂ ಕೇಳ್ದೆ. ಅದಕ್ಕೇ ಅವ್ರು ಪೊರಕೆ ತಗಂಡಿದ್ದು.

ನನ್ನನ್ಯಾಕೆ ಅಂಗೆ ನೋಡ್ತೀಯ? ಗೊತ್ತು ನನಗೆ. ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟೋನ್ನ ಮೊದಲನೇ ಸಲ ಒಬ್ಬನ್ನೇ ಕೆಲಸಕ್ಕೆ ಕಳಿಸಿ ಕೆಟ್ಟೆ ಅಂದ್ಕತಾ ಇದೀಯ. ಇದು ನನ್ನ ತಪ್ಪು ಅಂತ ಆದ್ರೆ ನಾಳೆನೇ ಊರಿಗೆ ಅಟ್ತೀಯ, ಅಪ್ಪನ ಜೊತೆ ಬ್ಯಾರನ್ ಮನೆ ಒಲೆಗೆ ಸೌದೆ ಹಾಕ್ಕಂಡು ಹೊಗೆಸೊಪ್ಪು ಬೇಯಿಸ್ಕಂಡಿರು ಅಂತ. ಹೋಗಲ್ಲ ಕಣಣ್ಣಾ. ಆ ಬೇಗೇಲಿ ನಿಂತ್ಕಳಕ್ಕೆ ನನ್ಕೈಲಾಗಲ್ಲ. ನಿನ್ಕೈಲೂ ಆಗ್ಲಿಲ್ಲ. ಅದಕ್ಕೇ ತಾನೆ ಓಡ್ಬಂದು ಅಂಗಡಿ ಹಾಕಿದ್ದು? ದೊಡ್ಡ ಮನುಷ್ಯ.

ಇದ್ಯಾಕೆ ತೊಟ್ಟಿ ಒಳಗೆ ಇಳೀತೀಯ? ತಳದಲ್ಲಿ ಇನ್ನೂ ನೀರದೆ, ಪ್ಯಾಂಟು ನೆನೀತದೆ. ಶೀಟು ಎತ್ಬೇಡ, ಮತ್ತೆ ಸೋರ್ತದೆ. ನೀನು ಕೊಟ್ಟ ಹೊಸ ಶೀಟೇ ಕಣಣ್ಣಾ. ತಿರುಗ್ಸಿ ಹಾಸಿದೀನಿ, ಅದಕ್ಕೇ ಬಣ್ಣ ಬ್ಯಾರೆ ಕಾಣ್ತದೆ. ಮೂಸ್ತೀಯಾ? ಮೂಸು. ಏನೂ ಬರಲ್ಲ. ಬಂದ್ರೂ ಅದು ನಿನ್ನ ಮೈಯಿಂದ್ಲೇ. ನಮ್ಮನೇಲಿ ಅವ್ವನ ಸೀರೆ ಮೂಸುದ್ರೂ ಅದೇ ವಾಸನೆ, ದೇವರ ಕ್ವಾಣೆ ಮೂಸುದ್ರೂ ಅದೇ…

ಆ ನೀರಿಗ್ಯಾಕೆ ಬೆರಳು ಅದ್ತೀಯ? ಬ್ಯಾಡ, ನಾಲಿಗೆಗೆ ಇಕ್ಕಬ್ಯಾಡ. ಅಣ್ಣಾ, ನುಂಗ್ಬ್ಯಾಡ. ಉಗಿ. ಉಗಿ ಅಂದ್ನಲ್ಲ, ಹೊಗೆಸೊಪ್ಪಿನ ರಸ ಅದು, ತಲೆ ತಿರುಗ್ತದೆ.

…

ನಿಂಗೆ ಬಾಯಿ ಇಲ್ವಾ? ಸುಮ್ನೆ ನಿಂತು ನಿಂತೇ ನನ್ನ ಬಾಯಿಂದ ಹೊರಡಿಸ್ಬುಟ್ಟೆ. ಪೊಲೀಸ್ನೋರಿಗಿಂತ ಕಡೆ ನೀನು.

ಊಂ, ಅಪ್ಪ ಹೊಗೆಸೊಪ್ಪಿನ ಮೂಟೆಗೆ ಹೊದ್ಸೋ ಟಾರ್ಪಾಲು ಅದು. ಹೊಸ ಶೀಟು ಹರ್ದೋಯ್ತು. ಟ್ರ್ಯಾಕ್ಟರ್ ಟ್ರೈಲರಿಗೆ ಹಾಸಿ, ನೀರು ತುಂಬಿ, ಹುಡುಗ್ರೆಲ್ಲಾ ಈಜು ಹೊಡೆದ್ವಿ. ಸುನೀಲ ಎಮ್ಮೆ ಬಿದ್ದಂಗೆ ಬಿದ್ದ, ಬೋಲ್ಟಿಗೆ ಸಿಕ್ಕಿ ಪರ್ರ್ ಅಂತು. ಟಾರ್ಪಾಲು ತೊಳೆದೇ ತಂದಿದ್ದು ಕಣಣ್ಣಾ. ಮೂಸೂ ನೋಡ್ದೆ. ಏನೂ ವಾಸನೆ ಇರ್ಲಿಲ್ಲ. ಹುಟ್ಟಿದಾಗಿಂದ ಅದನ್ನೇ ಮೂಸ್ಕಂಡು ಬೆಳೆದ ಮೂಗಿಗೆ ಏನ್ ಗೊತ್ತಾಗ್ತದೆ? ಮೀನು ಹೊಟ್ಟೆ ಮೇಲೆ ಮಾಡ್ಕಂಡು ತೇಲ್ದಾಗ್ಲೇ ನನಗೆ ತಿಳಿದಿದ್ದು.

ಬಯ್ಯಿ. ಎರಡು ಬಾರ್ಸು. ಊರಿಗೆ ಅಟ್ಟು, ಹೋಯ್ತೀನಿ. ಏನಾರ ಒಂದು ಮಾಡು.

ಎಲ್ಲಿಗ್ ಹೊಂಟೆ? ಪುಟ್ಟತಾಯಮ್ಮ ಬಾಗ್ಲಲ್ಲೇ ಕೂತವ್ರೆ, ಅಲ್ಲಿಗ್ಯಾಕೆ? ಚಪ್ಪಲಿ ಯಾಕೆ ಬಿಡ್ತೀಯ? ಕೈ ಮುಗೀಬ್ಯಾಡ ಕಣೋ, ಇಳಿಸು ಕೈ. ಶೀಟು ಹಾಸಿದ್ದು ನೀನೇ ಅಂತ ಹೇಳಕ್ಕೆ ಹೋಗ್ತಾ ಇದೀಯ ತಾನೆ? ಹೇಳ್ಬ್ಯಾಡ. ಅವ್ರು ನಂಬಲ್ಲ. ನೀನು ಹಾಸಿದ್ದಿದ್ರೆ ಒಂದು ಮೀನೂ ಸಾಯ್ತಿರ್ಲಿಲ್ಲ.