ಅಟ್ಟೆಗೆ ಅಟ್ಟೆ

ಹಲ್ಲಿನ ಕ್ಲಿನಿಕ್ಕಿನಲ್ಲಿ ಟೋಕನ್ ಕೂಗುವ ಕಾಂಪೌಂಡರನ ಕಿವಿಗೆ ಎದುರಿನ ಬೆಂಚಿನಲ್ಲಿ ಕಾಯುತ್ತಿದ್ದ ಅತ್ತಿಗೆ-ನಾದಿನಿಯರ ಮಾತು ತಾನಾಗಿಯೇ ಬಿತ್ತು. ನಾದಿನಿಯ ಕೈಯಲ್ಲಿ ಪುಸ್ತಕ, ಅತ್ತಿಗೆಯ ಕೆನ್ನೆಗೆ ಕರವಸ್ತ್ರ.

“ಇದನ್ನ ಬರೆದೋನು ಏಳು ವರ್ಷ ಫುಟ್‌ಪಾತಲ್ಲೇ ಮಲಗಿದ್ನಂತೆ, ಪಾಪ.”

“ಕಿವಿ ಮೇಲೆ ಹೂ ಇಡ್ತಿದಾನೆ.”

“ಆತ್ಮಕಥೆ ಅತ್ತಿಗೆ! ಸುಳ್ಳು ಬರೀತಾರಾ?”

“ಚಪ್ಪಲಿ ಎಲ್ಲಿಟ್ಟು ಮಲಗ್ತಿದ್ನಂತೆ?”

“ಪಕ್ಕದಲ್ಲೇ. ಬೆಳಗ್ಗೆ ಎದ್ದು ಮೆಟ್ಕೊಂಡು ಹೊರಟೆ ಅಂತ ಬರ್ದಿದಾನೆ.”

“ನೋಡಿದ್ಯಾ? ಬೀದೀಲಿ ಪಕ್ಕಕ್ಕಿಟ್ಟ ಚಪ್ಪಲಿ ಬೆಳಗ್ಗೆವರೆಗೂ ಇರುತ್ತಾ? ತಲೆ ಕೆಳಗೇ ಇಟ್ಕೋಬೇಕು. ಅದೂ ಅಟ್ಟೆಗೆ ಅಟ್ಟೆ ಸೇರಿಸಿ, ಕೂದಲಿಗೆ ಮಣ್ಣು ಹತ್ತದ ಹಾಗೆ.”

ನಾದಿನಿ ಪುಸ್ತಕ ಮುಚ್ಚಿದಳು. “ಇದೆಲ್ಲ ನಿಮಗೆ ಹೇಗೆ ಗೊತ್ತು?”

“ಯಾರೋ ಹೇಳಿದ್ರು.”

“ಯಾರು?”

“ಹಲ್ಲು ನೋಯ್ತಿದೆ ಅಂದೆನಲ್ಲ, ಸುಮ್ನಿರೇ.”

ಕಾಂಪೌಂಡರ್ ಅವರ ಟೋಕನ್ ಕೂಗಿದ. ಡಾಕ್ಟರ ಕೋಣೆಯ ಬಾಗಿಲಲ್ಲಿ ನಾದಿನಿ ಚಪ್ಪಲಿ ಬಿಟ್ಟಳು. ಅತ್ತಿಗೆ ಮಾತ್ರ ತನ್ನವನ್ನು ಅಟ್ಟೆಗೆ ಅಟ್ಟೆ ಸೇರಿಸಿ, ಚೀಲಕ್ಕೆ ತುರುಕಿಕೊಂಡೇ ಒಳಗೆ ಹೋದಳು.