ಒಂದು ಕಾಯಿಯೂ ಒಡೆಯದ ಮಿಷನ್

ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ಕೂತಿದ್ದರು. ಒಬ್ಬ ತೆಂಗಿನಕಾಯಿ ಸುಲಿಯುವ ಜವರಪ್ಪ, ಇನ್ನೊಬ್ಬ ದಂಡಿಗನಹಳ್ಳಿಯಲ್ಲಿ ತೋಟವಿರುವ ಯೋಗಣ್ಣ. ಯೋಗಣ್ಣನೇ ಮಾತು ತೆಗೆದ.

“ಕಾಯಿ ಸುಲಿಯೋ ಮಿಷನ್ ತಗೊಂಡೆ ಕಣ್ಲಾ. ಕೃಷಿ ಮೇಳದಲ್ಲಿ ಮೊದಲ್ನೇ ಬಹುಮಾನ ಬಂತಲ್ಲ, ಅದೇಯ. ಅಲ್ಲಿ ಒಂದ್ ಕಾಯೂ ಒಡೀನಿಲ್ಲ.”

“ಎಂಗೆ ಒಡ್ದಾತು? ಮಿಷನ್ನೋರು ನನ್ನ ಕರ್ಸಿದ್ರು. ಅವತ್ತು ಬೆಳಿಗ್ಗೇನೇ ನಾನು ಗೂಟಕ್ಕೆ ಕುಕ್ಕಿ ಎಲ್ಲಾ ಕಾಯಿ ಸಿಪ್ಪೆ ಸಡ್ಲ ಮಾಡಿಕ್ಕಿದ್ದೆ.”

“ಅಯ್ಯೋ! ನಮ್ಮನೇಲಿ ಮೂರರಲ್ಲಿ ಎರಡು ಒಡೀತದೆ. ತೀರ್ಪುಗಾರ್ರು ಯಾರ್ನೂ ಕೇಳ್ನಿಲ್ವಾ?”

“ನನ್ನೇ ಕೇಳುದ್ರು. ಐದಕ್ಕೆ ಐದು ಸ್ಟಾರ್ ಕೊಟ್ಟೆ.”

“ಸುಳ್ಳು ಯಾಕ್ಲಾ ಏಳ್ದೆ?”

“ಸುಳ್ಳೆಲ್ಲಿ ಬಂತು? ಸುಲಿದೋನು ನಾನು. ನನ್ ಕೆಲ್ಸಕ್ಕೆ ನಾನೇ ಕಮ್ಮಿ ಕೊಡ್ಲಾ?”

ಬಸ್ ಬಂತು. ಯೋಗಣ್ಣ ಚೀಲ ಹಿಡಿದು ಎದ್ದ.

“ಸರಿ, ನಾಳೆ ಗೂಟ ತಕ್ಕೊಂಡು ತ್ವಾಟಕ್ಕೆ ಬಾ. ನಮ್ ಮಿಷನ್ಗೂ ಅಂಗೇ ಸಡ್ಲ ಮಾಡ್ಕೊಡು.”