ಆರುನೂರ ಹನ್ನೊಂದನೆಯ ಉತ್ತರ

ನಮ್ಮ ಮನೆತನದ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ತಾತ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿದ್ದರು. ಒಂದು ಕಾಗದವೂ ತಪ್ಪು ಮನೆಗೆ ಹೋಗಲಿಲ್ಲ. ದೊಡ್ಡಪ್ಪ ಹೆಡ್‌ಮಾಸ್ಟರು. ಮನೆಯ ಹೆಣ್ಣುಮಕ್ಕಳನ್ನೆಲ್ಲ ಕಾನ್ವೆಂಟಿನಲ್ಲಿ ಓದಿಸಿದರು. ಸುಳ್ಳು ಹೇಳಿದವರನ್ನು ಅಲ್ಲಿ ಇಡೀ ಪೀರಿಯಡ್ ಬಾಗಿಲ ಬಳಿ ನಿಲ್ಲಿಸುತ್ತಿದ್ದರು. ನಮ್ಮ ಮನೆಯವರು ಯಾರೂ ಆ ಬಾಗಿಲ ಬಳಿ ನಿಂತವರಲ್ಲ. ಆದ್ದರಿಂದ ಚಿಕ್ಕಪ್ಪನ ಮಗಳಿಗೆ ಆದದ್ದನ್ನು ನಂಬುವುದು ಬಿಡುವುದು ನಿಮ್ಮಿಷ್ಟ ಎಂದು ಹೇಳುವ ಹಾಗಿಲ್ಲ. ನಂಬಬೇಕು.

ಅವಳಿಗೆ ನಲವತ್ತಾರು. ಮನೆಯಲ್ಲಿ ಇವತ್ತಿಗೂ ಪುಟ್ಟಿ. ಊರಿಗೆ ಕುಡಿಯುವ ನೀರು ಬಿಡುವ ಕಚೇರಿಯಲ್ಲಿ, ಟ್ಯಾಂಕಿಗೆ ಎಷ್ಟು ಬ್ಲೀಚಿಂಗ್ ಪುಡಿ ಸುರಿಯಬೇಕೆಂದು ಲೆಕ್ಕ ಹಾಕುವುದು ಅವಳ ಕೆಲಸ. ಆ ಕೆಲಸ ಕಲಿಸಿದವರು ಅಲ್ಲಿನ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಮೇಷ್ಟ್ರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅವರ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಇಬ್ಬರ ಕೆಲಸ ಒಬ್ಬಳ ತಲೆಯ ಮೇಲೆ ಬಿದ್ದು, ಪುಟ್ಟಿಯ ಕಣ್ಣು ಸದಾ ಉರಿಯುತ್ತಿತ್ತು.

ಲೆಕ್ಕಕ್ಕೆ ಅಲ್ಲಿ ಒಂದು ಪ್ರೋಗ್ರಾಮು. ಕಪ್ಪು ಪರದೆ. ಒಂದು ಸಾಲು ಬರೆದರೆ ತಕ್ಷಣ ಉತ್ತರ, ಪ್ರತಿ ಉತ್ತರಕ್ಕೂ ಒಂದು ಕ್ರಮಸಂಖ್ಯೆ. ಹಳೆಯ ಉತ್ತರ ಬೇಕಾದರೆ ಲೆಕ್ಕ ಮತ್ತೆ ಮಾಡಬೇಕಾಗಿಲ್ಲ. ಅಂಡರ್‌ಸ್ಕೋರ್ ಎಂಬ ಅಡಿಗೆರೆ ಒತ್ತಿ ಪಕ್ಕದಲ್ಲಿ ಅದರ ಕ್ರಮಸಂಖ್ಯೆ ಬರೆದರೆ, ಹೆಸರು ಹಿಡಿದು ಕರೆದ ಹಾಗೆ ಬರುತ್ತದೆ. ಬರೀ ಅಂಡರ್‌ಸ್ಕೋರ್ ಒತ್ತಿದರೆ ಎಲ್ಲಕ್ಕಿಂತ ಕಡೆಯ ಉತ್ತರ ಬರುತ್ತದೆ. ಪ್ರೋಗ್ರಾಮು ಮುಚ್ಚಿದರೆ ಎಲ್ಲವೂ ಅಳಿಸಿಹೋಗಿ ಮತ್ತೆ ಒಂದರಿಂದ ಶುರು. ಅದಕ್ಕೇ ಅದನ್ನು ಯಾರೂ ಮುಚ್ಚುತ್ತಿರಲಿಲ್ಲ.

ಮೇಷ್ಟ್ರು ಮಾತ್ರ ಬೆರಳಿನ ಗಂಟಿನಿಂದ ಮೇಜನ್ನು ಎರಡು ಸಲ ಬಡಿದು ಹೇಳುತ್ತಿದ್ದರಂತೆ: "ಹಳೇ ಉತ್ತರ ಕರೆಯೋ ಮುಂಚೆ ಅದರ ಮುಖ ನೋಡಮ್ಮ. ಯಾರು ಎದ್ದು ಬರ್ತಾರೋ ಗೊತ್ತಾಗಲ್ಲ."

ಆ ರಾತ್ರಿ ಒಂದು ಗಂಟೆ. ಒಂದು ಟ್ಯಾಂಕಿಗೆ ಎಷ್ಟು ಪುಡಿ ಎಂದು ಲೆಕ್ಕ ಹಾಕಿದಳು. ಆರುನೂರ ಹನ್ನೊಂದನೆಯ ಉತ್ತರ... ಇಪ್ಪತ್ತೊಂದು ಕಿಲೋ. ಅಷ್ಟರಲ್ಲಿ ವಾಚ್‌ಮನ್ ಬಾಗಿಲಲ್ಲಿ ಇಣುಕಿದ.

"ಅಮ್ಮಾ, ನನ್ನ ರಿಟೈರ್‌ಮೆಂಟಿಗೆ ಇನ್ನೆಷ್ಟು ದಿನ ಅಂತ ನೋಡಿ ಹೇಳ್ತೀರಾ?"

"ನಿನ್ನೆ ತಾನೇ ಹೇಳಿದ್ನಲ್ಲಣ್ಣ."

"ನಿನ್ನೆ ನಲವತ್ತು ಅಂದ್ರಿ. ಇವತ್ತು ಸ್ವಲ್ಪ ಕಮ್ಮಿ ಆಗಿರುತ್ತೇನೋ ಅಂತ ಆಸೆ."

ಅವಳು ಸುಸ್ತಿನಲ್ಲೂ ನಕ್ಕು ಲೆಕ್ಕ ಹಾಕಿದಳು. ಮೂವತ್ತೊಂಬತ್ತು. ಅದು ಆರುನೂರ ಹನ್ನೆರಡನೆಯ ಉತ್ತರ.

ಟ್ಯಾಂಕು ನಾಲ್ಕು. ಮತ್ತೆ ಪರದೆಗೆ ತಿರುಗಿದವಳು ಬರೀ ಅಂಡರ್‌ಸ್ಕೋರ್ ಒತ್ತಿ, ನಾಲ್ಕರಿಂದ ಗುಣಿಸಿದಳು. ನೂರೈವತ್ತಾರು. ಚೀಟಿ ಬರೆದು ವಾಚ್‌ಮನ್ ಕೈಗೆ ಕೊಟ್ಟಳು. "ಪಂಪಿನವನಿಗೆ ಕೊಟ್ಟುಬಿಡಣ್ಣ." ಎರಡು ಗಂಟೆಗೆ ಪುಡಿ ಸುರಿಯುತ್ತಾರೆ. ಆ ನೀರು ಮೊದಲು ಹೋಗುವುದು ಹೆರಿಗೆ ಆಸ್ಪತ್ರೆಗೆ.

ಕೋಣೆಗೆ ಬೀಗ ಹಾಕಿ ಮನೆಗೆ ಹೊರಟಳು. ದಾರಿ ಹಳೆಯ ಬಾವಿಯ ಪಕ್ಕ. ಬಾವಿಗೆ ಕಬ್ಬಿಣದ ಮುಚ್ಚಳ. ಗಾಳಿ ಇಲ್ಲ. ನಾಯಿಯೂ ಬೊಗಳಲಿಲ್ಲ...

ಟಕ್... ಟಕ್.

ಮುಚ್ಚಳದ ಮೇಲೆ. ಬೆರಳಿನ ಗಂಟಿನ ಸದ್ದು.

ಅವಳು ನಿಂತಳು. ಹೆದರುವುದಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲವಂತೆ. ಹಿಂದೆ ಎಡಗಾಲಿನ ಚಪ್ಪಲಿ ಎಳೆದ ಸದ್ದು. ಸರ್ರ್... ಪಟ್. ಸರ್ರ್... ಪಟ್. ಮೇಷ್ಟ್ರ ಎಡಗಾಲು ಸ್ವಲ್ಪ ಎಳೆಯುತ್ತಿತ್ತು.

"ಮೇಷ್ಟ್ರೇ?" ಪಿಸುಮಾತು.

ಕಿವಿಯ ಹತ್ತಿರವೇ, ಅಷ್ಟೇ ಮೆತ್ತಗೆ... "ಮುಖ ನೋಡಿದ್ಯೇನಮ್ಮ?"

ಅವಳು ತಿರುಗಿ ಓಡಿದಳು, ಮನೆಯ ಕಡೆಗಲ್ಲ, ಕಚೇರಿಗೆ. ಬೀಗ ಹಾಕಿದ ಹಾಗೇ ಇತ್ತು, ಕೀ ಅವಳ ಬ್ಯಾಗಿನಲ್ಲೇ. ಒಳಗೆ ಪರದೆ ಬೆಳಗುತ್ತಿತ್ತು. ಅವಳು ಬಿಟ್ಟುಹೋದದ್ದು ಆರುನೂರ ಹದಿಮೂರಕ್ಕೆ. ಕೆಳಗೆ ಇನ್ನೊಂದು ಸಾಲು ಬಂದಿತ್ತು, ಆರುನೂರ ಹದಿನಾಲ್ಕು: ಆರುನೂರ ಹನ್ನೊಂದನೆಯ ಉತ್ತರವನ್ನು ಕರೆದು ನಾಲ್ಕರಿಂದ ಗುಣಿಸಿದ್ದು. ಎಂಬತ್ತನಾಲ್ಕು. ಗುಣಾಕಾರದ ಗುರುತಿನ ಎರಡೂ ಬದಿಗೆ ಜಾಗ ಬಿಟ್ಟಿತ್ತು. ಪುಟ್ಟಿ ಹಾಗೆ ಬಿಡುವವಳಲ್ಲ. ಕಣ್ಣು ಮಂಜಾದ ಮೇಲೆ ಮೇಷ್ಟ್ರು ಬಿಡುತ್ತಿದ್ದರು.

ಪಂಪ್ ಮನೆ ತಲುಪಿದಾಗ ಎರಡಕ್ಕೆ ಐದು ನಿಮಿಷ. ಚೀಲದ ಬಾಯಿ ಬಿಚ್ಚಿಯಾಗಿತ್ತು.

"ನಿಲ್ಸಿ! ಎಂಬತ್ನಾಲ್ಕೇ ಕಿಲೋ!"

"ನೀವೇ ಅಲ್ವಾ ಮೇಡಂ ನೂರೈವತ್ತಾರು ಅಂತ ಬರ್ದಿದ್ದು?"

"ನಾನೇ. ತಪ್ಪು ಬರ್ದೆ. ವಾಚ್‌ಮನ್ ಅಣ್ಣನ ರಿಟೈರ್‌ಮೆಂಟಿನ ದಿನ ಎಲ್ಲಾ ನೀರಿಗೆ ಸುರೀತಿದ್ದೆ."

ಆ ಚೀಟಿಯನ್ನು ಹರಿದು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಮನೆಯವಳಲ್ಲವೇ, ಬೆಳಿಗ್ಗೆ ಕಚೇರಿಯ ಸಾಹೇಬರ ಮುಂದೆ ಚೀಟಿ ಇಟ್ಟು ಎಲ್ಲವನ್ನೂ ಹೇಳಿದಳು. ಬಾವಿಯನ್ನೂ ಬಿಡಲಿಲ್ಲ.

"ಏನ್ರೀ ಇದು?" ಅಂದರು ಸಾಹೇಬರು, ನಾಲ್ಕು ಜನರ ಎದುರಿಗೆ. "ನಿದ್ದೆಗಣ್ಣಲ್ಲಿ ತಪ್ಪು ಮಾಡಿ, ನೀವೇ ತಿದ್ದಿ, ಸತ್ತವರ ಹೆಸರು ಹೇಳ್ತೀರಾ? ಶುದ್ಧ ಸುಳ್ಳುಗಾತಿ."

"ತಪ್ಪು ಮಾಡಿದ್ದು ನಾನೇ ಸಾರ್. ತಿದ್ದಿದ್ದು ನಾನಲ್ಲ."

"ದೆವ್ವ ಅಲ್ವಾ? ಓಡಿಸ್ತೀನಿ ನೋಡಿ." ಪ್ರೋಗ್ರಾಮು ಮುಚ್ಚಿದರು. ಯಂತ್ರ ಆರಿಸಿದರು. ಪ್ಲಗ್ಗನ್ನೂ ಕಿತ್ತರು. ಕಾಫಿ ಕುಡಿದು ಬಂದು ತಾವೇ ಮತ್ತೆ ಹಾಕಿದರು. "ಈಗ ಒಂದರಿಂದ ಶುರು. ಎಲ್ಲರೂ ನೋಡಿ." ಎರಡಕ್ಕೆ ಎರಡು ಕೂಡಿಸಿದರು.

ನಾಲ್ಕು ಎಂದು ಬಂತು. ಅದರ ಕ್ರಮಸಂಖ್ಯೆ ಆರುನೂರ ಹದಿನೈದು.

ಸಾಹೇಬರು ನಿಧಾನವಾಗಿ ಅಂಡರ್‌ಸ್ಕೋರ್ ಒತ್ತಿ, ಆರುನೂರ ಹನ್ನೊಂದು ಎಂದು ಬರೆದರು. ಇಪ್ಪತ್ತೊಂದು ಬಂತು. ಅವರು ಎದ್ದು ಹೊರಗೆ ಹೋದರು. ಆ ಕೋಣೆಗೆ ಮತ್ತೆ ಕಾಲಿಟ್ಟಿಲ್ಲ.

ಇದು ನಡೆದದ್ದು. ವಾಚ್‌ಮನ್ ಅಲ್ಲೇ ನಿಂತಿದ್ದ, ಪಂಪಿನವನೂ ಇದ್ದ, ಹೋಗಿ ಕೇಳಬಹುದು. ಪುಟ್ಟಿಗೆ ಏನೂ ಬೇಡವಂತೆ, ಒಂದು ರಾತ್ರಿ ಸರಿಯಾಗಿ ನಿದ್ದೆ ಬಂದರೆ ಸಾಕಂತೆ. ಆದರೆ ನಾಲ್ಕು ಜನರೆದುರು ಆಡಿದ ಆ ಮಾತನ್ನು ಸಾಹೇಬರು ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನಮ್ಮ ಮನೆಯಲ್ಲಿ ಸುಳ್ಳುಗಾತಿಯರಿಲ್ಲ.

ಅವರು ಕ್ಷಮೆ ಕೇಳಬೇಕು. ಬರವಣಿಗೆಯಲ್ಲಿ.